ಕಾಯ್ದೆ ಕಾಯ್ದ ಮಾನ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಹುಲಿಗೆಷ್ಟು ಉಪಕಾರವಾಯಿತು, ಜಿಂಕೆಗೆಷ್ಟಾಯಿತು ಎಂದು ಬಲ್ಲವರು ಲೆಕ್ಕ ಹಾಕುತ್ತಲೇ ಇರುತ್ತಾರೆ. ನನಗಾದ ಉಪಕಾರವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ನಮ್ಮ ತಾತ ಶ್ರೀನಿವಾಸಪುರದ ಸೀಮೆಗೇ ಹೆಸರಾದ ಬೇಟೆಗಾರ ಎಂಬುದು ನಮ್ಮ ಮನೆತನದ ಮಾತು. ಅಂಥವರ ಮೊಮ್ಮಗನಾಗಿ ಹುಟ್ಟಿ, ಬೋನಿಗೆ ಬಿದ್ದ ಇಲಿಯನ್ನು ಆಚೆ ಬಿಟ್ಟುಬರಲು ಪಕ್ಕದ ಮನೆಯ ಹುಡುಗನನ್ನು ಕೂಗುವವನು ನಾನು. ಈ ಕಾಯ್ದೆ ಇಲ್ಲದೆ ಹೋಗಿದ್ದರೆ ತಲೆಯೆತ್ತಿ ತಿರುಗುವುದಾದರೂ ಹೇಗಿತ್ತು? ಈಗ ಯಾರಾದರೂ ಕೇಳಿದರೆ ಒಂದು ನಿಟ್ಟುಸಿರು ಬಿಟ್ಟು, "ಏನ್ ಮಾಡೋದು ಸ್ವಾಮಿ, ಕಾನೂನು ಬಿಡಲ್ಲ" ಎಂದರೆ ಮುಗಿಯಿತು. ಕೃಷ್ಣಮೃಗವನ್ನೋ ನವಿಲನ್ನೋ ಹೊಡೆದರೆ 3ರಿಂದ 7 ವರ್ಷ ಜೈಲು, 2022ರ ತಿದ್ದುಪಡಿ ಬಂದ ಮೇಲೆ ದಂಡವೂ 25,000 ರೂಪಾಯಿಗೆ ಕಡಿಮೆಯಿಲ್ಲ. ಮಗ್ಗಿ ಮರೆತರೂ ಈ ಅಂಕಿಗಳನ್ನು ನಾನು ಮರೆತವನಲ್ಲ.

ತಾತನ ಹತ್ತಿರ ಒಂಟಿನಳಿಗೆಯ ಬಂದೂಕು ಇದ್ದದ್ದು ನಿಜ. ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿ ಓಡಿಸಲೆಂದು ಪರವಾನಗಿ ಕೊಟ್ಟಿದ್ದರು. ಆದರೆ ಪಂಚಾಯ್ತಿ, ವಿಧಾನಸಭೆ, ಲೋಕಸಭೆ ಎಂದು ಒಂದಲ್ಲ ಒಂದು ಚುನಾವಣೆ ಬರುತ್ತಿತ್ತು, ಬಂದಾಗಲೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸಿ ಬರಬೇಕಿತ್ತು. ಹೊಲ ಕಾದದ್ದಕ್ಕಿಂತ ಅದು ಠಾಣೆಯ ಮೂಲೆಯಲ್ಲಿ ಒರಗಿಕೊಂಡದ್ದೇ ಹೆಚ್ಚು. ನೀತಿಸಂಹಿತೆ ಜಾರಿಯಾದ ಸುದ್ದಿ ಹಂದಿಗಳಿಗೆ ನಮಗಿಂತ ಮೊದಲೇ ಮುಟ್ಟುತ್ತಿತ್ತು ಎಂದು ಅಮ್ಮ ಈಗಲೂ ಆಡಿಕೊಳ್ಳುತ್ತಾಳೆ.

ಬಂದೂಕು ಹೋಯಿತು, ಗೋಡೆಯ ಮೇಲೆ ಕೊಂಬು ಉಳಿಯಿತು. ತಾತ ಹೊಡೆದ ಕೃಷ್ಣಮೃಗದ ಕೊಂಬು! ಬೀಗರು ಬಂದಾಗ ಅದರ ಕೆಳಗೇ ಕುರ್ಚಿ ಹಾಕಿಸಿ ಕೂರಿಸುತ್ತಿದ್ದೆವು. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಗಲಾಟೆ ಎದ್ದಿತಲ್ಲ, ಬಿಗ್ ಬಾಸ್ ಮನೆಯೊಳಗಿದ್ದವರನ್ನೇ ಲಾಕೆಟ್ಟಿನ ಸಲುವಾಗಿ ಅರಣ್ಯ ಇಲಾಖೆಯವರು ಹಿಡಿದುಕೊಂಡು ಹೋದರಲ್ಲ, ಆ ರಾತ್ರಿ ನನ್ನ ಹೆಂಡತಿ ಕೊಂಬನ್ನು ಇಳಿಸಿ ಹಳೇ ಸೀರೆಯಲ್ಲಿ ಸುತ್ತಿ ರಾಗಿ ಡ್ರಮ್ಮಿನೊಳಗೆ ಹೂತಳು. ನಾನು ಮನಸ್ಸಿನಲ್ಲೇ ಜಾಮೀನಿಗೆ ಯಾರನ್ನು ಕರೆಯುವುದೆಂದು ಪಟ್ಟಿ ಮಾಡಿದೆ. ನಿದ್ದೆಗೆಟ್ಟು ಕೊನೆಗೆ ನೆಂಟರಲ್ಲೇ ಒಬ್ಬರು ನಿವೃತ್ತ ದನದ ಡಾಕ್ಟರನ್ನು ಗುಟ್ಟಾಗಿ ಕರೆಸಿ ತೋರಿಸಿದೆವು. ಅವರು ರಾಗಿ ಒರೆಸಿ, ತಿರುಗಿಸಿ ನೋಡಿ, ಕನ್ನಡಕ ತೆಗೆದರು. "ಚಿಗರೆ ಕೊಂಬು ಸುರುಳಿ ಸುತ್ತಿಕೊಂಡು, ಉದ್ದಕ್ಕೂ ಬಳೆ ಬಳೆಯಾಗಿ ಉಬ್ಬಿರುತ್ತೆ ಕಣಯ್ಯ. ಇದು ಚಪ್ಪಟೆ. ಇದು ಹೋತದ್ದು."

ಜೈಲು ತಪ್ಪಿತು. ಆದರೆ ಆ ಮಾತನ್ನು ಅಷ್ಟು ಗಟ್ಟಿಯಾಗಿ ಹೇಳುವ ಅಗತ್ಯವಿರಲಿಲ್ಲ, ಅಡುಗೆಮನೆಗೆ ಕೇಳಿಸಿತು.

ಹೀಗೆ ಅರ್ಧ ಹೋದ ಮಾನದ ಉಳಿದರ್ಧಕ್ಕೆ ಕಂಟಕವಾಗಿ ಬಂದವನು ನನ್ನ ಬಾಮೈದ. ಮಾಲೂರಿನ ಹುಡುಗ. ಇಲ್ಲಿದ್ದಾಗ ಇಟ್ಟಿಗೆ ಗೂಡಿನ ಬಿಸಿ ತಪ್ಪಿದರೆ ನಡುಗುತ್ತಿದ್ದವನು ಈಗ ಅಮೆರಿಕದ ಸೌತ್ ಡಕೋಟಾದಲ್ಲಿ ಕೆಲಸದಲ್ಲಿದ್ದಾನೆ. ನವೆಂಬರಿನ ಮೊದಲ ಹಿಮ ಬಿದ್ದ ದಿನವೇ ವಿಡಿಯೊ ಕಾಲ್. ಮೈಮೇಲೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ, ಹೆಗಲಲ್ಲಿ ಬಂದೂಕು, ಹಿಂದೆ ಮೊಣಕಾಲುದ್ದ ಮಂಜು ಹೊದ್ದ ಜೋಳದ ಹೊಲ. ಗಾಳಿ ಎಷ್ಟೆಂದರೆ ಅವನ ಮಾತು ಅರ್ಧ ನಮಗೆ, ಅರ್ಧ ಪಕ್ಕದ ರಾಜ್ಯಕ್ಕೆ. "ಭಾವ, ಫೆಸೆಂಟ್ ಹೊಡಿಯೋಕೆ ಬಂದಿದೀನಿ. ಮುಂದಿನ ವಾರ ಜಿಂಕೆ. ನಿಮ್ ತಾತ ಇದ್ದಿದ್ರೆ ಕರ್ಕೊಂಡ್ ಬರ್ತಿದ್ದೆ!"

ತಾತನನ್ನಂತೆ. ನನ್ನನ್ನಲ್ಲ.

ಆ ಫೆಸೆಂಟ್ ಹಕ್ಕಿಯ ಜಾತಕವನ್ನು ನಾನೂ ತೆಗೆದು ನೋಡಿದೆ. ಮೂಲ ಚೀನಾದ್ದು. ಸೌತ್ ಡಕೋಟಾಕ್ಕೆ ಒಯ್ದು ಬಿಟ್ಟು ಬೆಳೆಸಿ, 1919ರಲ್ಲಿ ಮೊದಲ ಬೇಟೆಗೆ ಅನುಮತಿ ಕೊಟ್ಟರು. 1943ರಲ್ಲಿ ಅದನ್ನೇ ರಾಜ್ಯಪಕ್ಷಿ ಎಂದು ಘೋಷಿಸಿದರು. ಘೋಷಿಸಿದ ಮೇಲೂ ಹೊಡೆಯುತ್ತಿದ್ದಾರೆ. ನಾವು 1963ರಲ್ಲಿ ನವಿಲನ್ನು ರಾಷ್ಟ್ರಪಕ್ಷಿ ಮಾಡಿ, ಅದು ನಮ್ಮ ಟೊಮೇಟೊ ಕುಕ್ಕಿದರೂ ಕೈಮುಗಿದು ದೂರ ನಿಂತಿದ್ದೇವೆ. ಈ ಮಾತನ್ನು ಬಾಮೈದನಿಗೆ ಸ್ವಲ್ಪ ಗತ್ತಿನಿಂದಲೇ ಹೇಳಿದೆ. ಅವನು, ಅಲ್ಲಿಯೂ ನಿಯಮ ಬಿಗಿಯೇ, ಹೇಂಟೆ ಮುಟ್ಟುವ ಹಾಗಿಲ್ಲ, ಹುಂಜ ಮಾತ್ರ, ಅದೂ ಒಬ್ಬರಿಗೆ ದಿನಕ್ಕೆ 3 ಎಂದ. "ಗಂಡನ್ನ ಮಾತ್ರ ಹೊಡಿಯೋದಾ? ಒಳ್ಳೆ ಕಾನೂನು" ಎಂದಳು ನನ್ನ ಹೆಂಡತಿ.

ನಾನು ಎಂದಿನಂತೆ ನಿಟ್ಟುಸಿರು ಬಿಟ್ಟು ಕಾಯ್ದೆಯ ಮಾತು ತೆಗೆದೆ. ಜಿಂಕೆಯ ವಿಷಯಕ್ಕೆ ಅವಳ ತಕರಾರಿರಲಿಲ್ಲ. "ಜಿಂಕೆ ಸಹವಾಸವೇ ಬೇಡಪ್ಪ. ಆ ಮಹಾತ್ಮ ಮಾಯಾಮೃಗದ ಹಿಂದೆ ಹೋಗಿದ್ದಕ್ಕೆ ತಾನೇ ಸೀತಮ್ಮ ನಮ್ಮ ಆವಣಿ ಬೆಟ್ಟದ ಮೇಲೆ ಒಬ್ಬಳೇ ಬಾಣಂತನ ಮಾಡಿಕೊಂಡಿದ್ದು?" ಮುಳಬಾಗಿಲು ಕಡೆಯವರೆಲ್ಲ ಲವಕುಶರು ಹುಟ್ಟಿದ್ದು ಆವಣಿಯಲ್ಲೇ ಎಂದು ನಂಬಿದವರು. ಅಲ್ಲಿಗೆ ಹೋಗಿಬಂದಾಗಲೆಲ್ಲ ನನ್ನ ಹೆಂಡತಿಗೆ ರಾಮನ ಮೇಲಿನ ಸಿಟ್ಟು ನನ್ನ ಮೇಲೆ ತಿರುಗುತ್ತದೆ.

ಕೆಡಿಸಿದವಳು ಮಗಳು. ಮೊಬೈಲು ತಿಕ್ಕುತ್ತಾ ಕೂತಿದ್ದವಳು, "ಅಪ್ಪ, ಫೆಸೆಂಟು, ನವಿಲು, ಕೌಜುಗ, ಕಾಡುಕೋಳಿ, ನಮ್ಮ ಊರಕೋಳಿ ಎಲ್ಲಾ ಒಂದೇ ಕುಟುಂಬವಂತೆ!" ಎಂದು ಓದಿಬಿಟ್ಟಳು. ಹೆಂಡತಿಯ ಕಣ್ಣು ಹಿತ್ತಲ ಕಡೆ ತಿರುಗಿತು. ಅಲ್ಲಿ ಅಮ್ಮ ಸಾಕಿದ ಕೆಂಪು ಹುಂಜ ತಿಪ್ಪೆ ಕೆದಕುತ್ತಿತ್ತು. "ಇದಕ್ಕೆ ಯಾವ ಕಾಯ್ದೆಯೂ ಅಡ್ಡ ಬರಲ್ಲ ಅಲ್ವೇನ್ರೀ?"

ಇಷ್ಟು ವರ್ಷ ಕಾಯ್ದೆಯ ಮರೆಯಲ್ಲಿ ನಿಂತವನಿಗೆ ಅಂದು ಮೊದಲ ಬಾರಿ ಮರೆ ಇಲ್ಲವಾಯಿತು. ಕಾರ್ತಿಕ ಮಾಸ ಎಂಬ ಇನ್ನೊಂದು ಆಸರೆ ಸಿಕ್ಕಿದ್ದರಿಂದ ಆ ತಿಂಗಳು ಹೇಗೋ ದಾಟಿದೆ. ಆದರೆ ತಿಂಗಳಿಡೀ ಸೊಪ್ಪಿನ ಸಾರು ಉಂಡ ಮನೆ ಅದು. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿಯ ಹತ್ತಿರ ದಡಕ್ಕೆ ಬಂತು. ಮಾರನೆಯ ದಿನ ಭಾನುವಾರ. ಕೋಲಾರ ಸೀಮೆಗೆ ಹಿಮ ಬೀಳದಿದ್ದರೇನು, ಬಂಗಾಳ ಕೊಲ್ಲಿಯ ಶೀತಗಾಳಿ, ಜಡಿಮಳೆ ಸಾಲದೆ? ಮಧ್ಯಾಹ್ನದ ಹೊತ್ತಿಗೆ ಅಮಾವಾಸ್ಯೆ ಕಳೆಯಿತು, ಕಾರ್ತಿಕವೂ ಕಳೆಯಿತು ಎಂದು ಅಮ್ಮ ಪಂಚಾಂಗ ಮುಚ್ಚಿದಳು. ಹೆಂಡತಿ ಮಸಾಲೆ ಅರೆಯಲು ಕೂತಳು.

ನಾನು ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೊರಟೆ. ಬಾಮೈದನಿಗೆ ತೋರಿಸಲೆಂದು ಮಗಳು ಮೊಬೈಲು ಹಿಡಿದು ಹಿಂದೆ ಬಂದಳು. ನಾಯಿಯನ್ನು ಕರೆದೆ. ಅದು ಬಾಗಿಲಿಗೆ ಬಂದು ಗಾಳಿ ಮೂಸಿ, ಒಳಗೆ ಹೋಗಿ ಮಂಚದ ಕೆಳಗೆ ಮಲಗಿತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949ರ ಕಾಲದ ಒಂದು ಕಲ್ಲು ಸಿಕ್ಕಿದೆ, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಒಡೆಯ ಮೆಚ್ಚಿ ಏನು ಬೇಕೋ ಕೇಳು ಎಂದಾಗ ಮಣಲೇರ ಎಂಬ ವೀರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಂದಿಗೆ ಕಾದಾಡಿ, ಅದನ್ನೂ ಕೊಂದು ತಾನೂ ಸತ್ತಿತು. ಅದಕ್ಕಾಗಿ ನಿಲ್ಲಿಸಿದ ಕಲ್ಲು. ನಮ್ಮ ನಾಯಿಗೆ ಇದನ್ನೆಲ್ಲ ವಿವರಿಸಿ ಹೇಳಿದೆ. ಬಾಲವನ್ನೂ ಅಲ್ಲಾಡಿಸಲಿಲ್ಲ.

ಹುಂಜ ಟೊಮೇಟೊ ಸಾಲಿನೊಳಗೆ ಸೇರಿಕೊಂಡಿತ್ತು. ಬಗ್ಗಿ ನೋಡಿದೆ. ಗರಿಯೆಲ್ಲ ಉಬ್ಬಿಸಿಕೊಂಡು, ಒಂದು ಕಾಲನ್ನು ಹೊಟ್ಟೆಯೊಳಗೆ ಎಳೆದುಕೊಂಡು ನಿಂತಿತ್ತು. ನಮಗೆ ಮೇಲಿನ ರೆಪ್ಪೆ ಇಳಿದರೆ, ಅದಕ್ಕೆ ಕೆಳಗಿನ ರೆಪ್ಪೆ ಮೇಲೇರಿ ಕಣ್ಣು ಮುಚ್ಚುತ್ತದೆ. ಹಾಗೆ ಮುಚ್ಚಿ, ತೆರೆದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮತ್ತೆ ಮುಚ್ಚಿತು. ಭಯವೆಂಬುದು ಇರಲೇ ಇಲ್ಲ. ಕೈಹಾಕಿದೆ. ಟ್ವೈನ್ ದಾರ ಕುತ್ತಿಗೆಗೆ ಸಿಕ್ಕಿತು, ಕಡ್ಡಿ ಮುರಿಯಿತು, ಕೆಮ್ಮಣ್ಣಿನಲ್ಲಿ ಚಪ್ಪಲಿ ಉಳಿಯಿತು, ನಾನು ಸಾಲಿನ ನಡುವೆ ಸಾಷ್ಟಾಂಗ ಬಿದ್ದೆ. ಹುಂಜ ಬೆನ್ನ ಮೇಲೆ ಕಾಲಿಟ್ಟುಕೊಂಡೇ ದಾಟಿತು. ಬದುವಿನ ಮೇಲೆ ನೆನೆದು ಕೂತಿದ್ದ ಎರಡು ನವಿಲು ನೆಂಟನ ಈ ಸಾಹಸವನ್ನು ಕೊನೆಯವರೆಗೂ ನೋಡಿ ಹೋದವು. ಮಗಳು ಇದನ್ನೆಲ್ಲ ಆಗಲೇ ಸೌತ್ ಡಕೋಟಾಕ್ಕೆ ಕಳಿಸಿಯಾಗಿತ್ತು.

ಸಂಜೆ ಮಬ್ಬು ಕವಿಯಿತು. ಅಮ್ಮ ಜಗಲಿಯ ಮೇಲೆ ಕೂತಲ್ಲಿಂದಲೇ ಒಂದು ಹಿಡಿ ರಾಗಿ ಚೆಲ್ಲಿ "ಬೋ ಬೋ ಬೋ" ಎಂದಳು. ಹುಂಜ ತಾನಾಗಿ ನಡೆದು ಬಂತು. ಅವಳು ಮಂಕರಿ ಕವುಚಿದಳು.

ಬೇಟೆಯ ಪಾಲು ಹಂಚುವುದಕ್ಕೆ ಹಳ್ಳಿಗಳಲ್ಲಿ ಕಟ್ಟಳೆಯಿದೆ. ಹೊಡೆದವನಿಗೆ ಮೇಲುಪಾಲು, ಸುತ್ತುಗಟ್ಟಿದವರಿಗೆ ಸಮಪಾಲು, ನಾಯಿಗೂ ಒಂದು ಪಾಲು. ರಾತ್ರಿ ನನ್ನ ಹೆಂಡತಿ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಅಮ್ಮನಿಗೆ ತೊಡೆ, ಮಗಳಿಗೆ ಈಲಿ, ಮಂಚದ ಕೆಳಗಿನವನಿಗೆ ಮೂಳೆ. ನನ್ನ ಮುದ್ದೆಯ ಪಕ್ಕಕ್ಕೆ ಕತ್ತಿನ ತುಂಡು ಬಿತ್ತು. ಸಾರು ಚೆನ್ನಾಗಿತ್ತು.