ಶ್ರದ್ಧಾಂಜಲಿ ಕೋರುವವರು

ಕೊರಟಗೆರೆ ಸೀಮೆಯಲ್ಲಿ ಮನೆಯ ಹಿರಿಯರು ತೀರಿಕೊಂಡರೆ ಮೊಮ್ಮಕ್ಕಳು ಮೊದಲು ಓಡುವುದು ಫ್ಲೆಕ್ಸ್ ಅಂಗಡಿಗೆ. ಮಣ್ಣು ಮಾಡಲು ಸಂಜೆಯವರೆಗೂ ಟೈಮಿದೆ. ಸರ್ಕಲ್ಲಿನಲ್ಲಿ ಒಳ್ಳೇ ಕಂಬ ಸಿಗಬೇಕಾದರೆ ಬೆಳಿಗ್ಗೆಯೇ ಕಟ್ಟಬೇಕು.

"ಅಜ್ಜಂದು ಒಂದು ಕ್ಲಿಯರ್ ಫೋಟೊ ಕೊಡಣ್ಣ" ಅನ್ನುತ್ತಾನೆ ಅಂಗಡಿ ಹುಡುಗ. ಇರುವುದು ಆಧಾರ್ ಕಾರ್ಡಿನದೊಂದೇ. ಅದರಲ್ಲಿ ಅಜ್ಜ ಆಗಲೇ ತೀರಿಕೊಂಡಂತಿದ್ದಾರೆ. ಜೀವಮಾನವೆಲ್ಲ ಪಟಾಪಟಿ ಚಡ್ಡಿ, ಟವೆಲ್ಲಿನಲ್ಲೇ ಕಳೆದ ಮುದುಕನಿಗೆ ಹುಡುಗ ಕೋಟು ತೊಡಿಸಿ, ಹಿಂದೆ ಮೋಡ ತೇಲಿಸುತ್ತಾನೆ.

"ಕೆಳಗಡೆ ಯಾರ್ಯಾರ್ದು ಹಾಕಣ?"

ನಿಜವಾದ ಕೆಲಸ ಶುರುವಾಗುವುದೇ ಇಲ್ಲಿ. ಮಾಜಿ, ಹಾಲಿ, ಮುಂದೆ ನಿಲ್ಲುವ ಆಕಾಂಕ್ಷಿ, ಆಕಾಂಕ್ಷಿಯ ಆಪ್ತ. ಎಲ್ಲರೂ ನಗುತ್ತ ಕೈ ಮುಗಿದಿದ್ದಾರೆ. ಪಾಪ, ಅವರ ಬಳಿ ಇರುವುದು ಚುನಾವಣೆ ಫೋಟೊ ಮಾತ್ರ. ಫ್ಲೆಕ್ಸನ್ನು ಸರ್ಕಾರ 2016ರಲ್ಲೇ ನಿಷೇಧಿಸಿದೆ. ಆದರೆ ಸಾವಿನ ಮನೆಯಲ್ಲಿ ಕಾನೂನು ಮಾತಾಡುವುದು ನಮ್ಮಲ್ಲಿ ಪದ್ಧತಿಯಲ್ಲ.

ತಿಥಿಯ ಎಲೆ ಎತ್ತಿದ ಮೇಲೆ ಸಮಾಧಿಯ ಚರ್ಚೆ. ಸಿಮೆಂಟ್ ಕಟ್ಟೆಯೋ, ಟೈಲ್ಸೋ, ಕಪ್ಪು ಗ್ರಾನೈಟೋ, ನಾಲ್ಕು ಕಂಬದ ಮಂಟಪವೋ? ಇದನ್ನು ತೀರ್ಮಾನಿಸುವುದು ಅಜ್ಜನ ಗುಣವಲ್ಲ, ತೋಟಕ್ಕೂ ರೋಡಿಗೂ ಇರುವ ದೂರ. ಬಸ್ಸಿನವರಿಗೆ ಕಾಣುವುದಾದರೆ ಮಂಟಪ. ದಾಯಾದಿಗಳ ತಕರಾರಿದ್ದರೆ ಬದುವಿನ ಮೇಲೆಯೇ ಸಮಾಧಿ. ಸರ್ವೆಯವರು ನೆಟ್ಟ ಕಲ್ಲನ್ನು ರಾತ್ರೋರಾತ್ರಿ ಕೀಳಬಹುದು, ಅಪ್ಪನನ್ನು ಕೀಳಲಾದೀತೆ?

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು ಕ್ರಿ.ಶ. 949ರಲ್ಲಿ ಒಂದು ನಾಯಿಗೆ ಕಲ್ಲು ನಿಲ್ಲಿಸಿದರು. ಹೆಸರು ಕಾಳಿ. ಕಾಡುಹಂದಿಯ ಜೊತೆ ಕಾದಾಡಿ ಸತ್ತಿತು ಎಂದು ಶಾಸನದಲ್ಲಿದೆ. ಕಾದಾಟದ ಚಿತ್ರವೂ ಇದೆ. ನಮ್ಮ ಅಜ್ಜನ ಗ್ರಾನೈಟಿನಲ್ಲಿ ಜನನ, ಮರಣ, ಆಮೇಲೆ ಕಲ್ಲು ಹಾಕಿಸಿದ ಮಗನ ಹೆಸರು, ಅವನ ಹುದ್ದೆ. ಅಜ್ಜ ಯಾವ ಬಾವಿ ತೋಡಿದ, ಯಾವ ಸಾಲ ತೀರಿಸಿದ ಎಂಬುದಕ್ಕೆ ಜಾಗ ಸಾಲಲಿಲ್ಲ.

ಈ ತಲೆಬಿಸಿ ಇಲ್ಲದವರೂ ಇದ್ದಾರೆ: ತುಂಡು ಜಮೀನೂ ಇಲ್ಲದವರು. ಊರೂರಿಗೂ ಸ್ಮಶಾನದ ಜಾಗ ಕೊಡಿ ಎಂದು ಹೈಕೋರ್ಟ್ 2019ರಲ್ಲೇ ಸರ್ಕಾರಕ್ಕೆ ಹೇಳಿದೆ. ಜಾಗ ಸಿಗದ ಊರಿನ ಬಡವರು ಇವತ್ತಿಗೂ ಹೆಣ ಹೊತ್ತು ಹಳ್ಳದ ದಂಡೆ, ಕೆರೆಯಂಗಳ ಹುಡುಕುತ್ತಾರೆ. ಅವರಿಗೆ ಸರ್ಕಾರ ಕೊಡುವ ಸ್ಮಾರಕ ಮರಣ ಪ್ರಮಾಣಪತ್ರ. ಅದರಲ್ಲಿ ಸತ್ತದ್ದೆಲ್ಲಿ ಎಂಬ ಕಾಲಂ ಇದೆ. ಹೂತದ್ದೆಲ್ಲಿ ಎಂಬುದಿಲ್ಲ, ಕೇಳಿದರೆ ಜಾಗ ಕೊಡಬೇಕಾಗುತ್ತದೆ.