ಅಗುಳು ಹಿಚುಕುವ ಭಾವ

ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು. ಈ ಗಾದೆಯನ್ನು ಫಾರ್ಮುಲಾ ಒನ್ ರೇಸಿಗೆ ಹಚ್ಚಿದವರು ಮೆಲ್ಬರ್ನ್‌ನಲ್ಲಿರುವ ನಮ್ಮ ಭಾವ. 2025ರ ಸೀಸನ್ನಿನಲ್ಲಿ 24 ರೇಸು. ಭಾವನಿಗೆ ಮೊದಲನೆಯದೊಂದೇ ಸಾಕು. ಉಳಿದ 23 ಬರೀ ಶಾಸ್ತ್ರಕ್ಕೆ. ಇಂಥವರು ಎಲ್ಲರ ಮನೆಯಲ್ಲೂ ಒಬ್ಬರಿರುತ್ತಾರೆ. ಕೆಲವರು ಮೊದಲ ಸುತ್ತಿನ ಮತ ಎಣಿಕೆಯಲ್ಲೇ ಸರ್ಕಾರ ರಚಿಸುತ್ತಾರೆ, ನಮ್ಮವರು ತಮ್ಮೂರಿನ ರೇಸ್ ಟ್ರ್ಯಾಕ್ ಆಲ್ಬರ್ಟ್ ಪಾರ್ಕ್‌ನಲ್ಲಿ ಚಾಂಪಿಯನ್ನನ್ನು ರಚಿಸುತ್ತಾರೆ.

“2009ರಲ್ಲಿ ಬಟನ್ ಇಲ್ಲೇ ಗೆದ್ದ. ವರ್ಷದ ಕೊನೆಗೆ ಕಪ್ ಯಾರದ್ದು? ಬಟನ್‌ದೇ!”

“2018ರಲ್ಲಿ ವೆಟಲ್ ಇಲ್ಲೇ ಗೆದ್ದಿದ್ದನಲ್ಲ ಭಾವ, ಕಪ್ ಹ್ಯಾಮಿಲ್ಟನ್‌ಗೆ ಹೋಯ್ತು?”

“ಅದು ಅಗುಳಿನ ತಪ್ಪಲ್ಲ ಕಣೋ, ಸೌಟಿನ ತಪ್ಪು.”

2025ರ ಮೊದಲ ರೇಸಿನ ದಿನ, ಮಾರ್ಚ್ 16ರಂದು, ನಾನೂ ಅಲ್ಲಿ ಅವರ ಜೊತೆಗಿದ್ದೆ. ಒಂದು ಕಡೆ ಕಪ್ಪು ಹಂಸಗಳು ತೇಲುವ ಕೆರೆ, ಅದನ್ನು ಬಳಸಿಕೊಂಡು 5.278 ಕಿಲೋಮೀಟರ್ ಟ್ರ್ಯಾಕು, ಬದಿಯ ಹುಲ್ಲುದಿಬ್ಬದ ಮೇಲೆ ನಾವು ಮೂವರು ಮತ್ತು ಅಕ್ಕನ ಪುಳಿಯೋಗರೆ ಡಬ್ಬಿ. ಭಾವನ ತಲೆಯ ಮೇಲೆ ಕೆಂಪು ಟೋಪಿ. ಹ್ಯಾಮಿಲ್ಟನ್ ಫೆರಾರಿ ಸೇರಿದ ಮೇಲೆ ಮೊದಲ ರೇಸು ಅದು. “ಎಂಟನೇ ಕಪ್, ಬರೆದಿಟ್ಕೋ” ಎಂದರು.

ಬೆಳಗಿನಿಂದಲೇ ಮಳೆ. ತಂಡಗಳು ರೇಡಾರ್ ಇಟ್ಟುಕೊಂಡು ಯಾವ ನಿಮಿಷಕ್ಕೆ ಹನಿ ಬೀಳುತ್ತದೆಂದು ಲೆಕ್ಕ ಹಾಕುವ ಬಗೆಯನ್ನು ಭಾವ ಅರ್ಧ ಗಂಟೆ ವಿವರಿಸಿದರು. ಕೊಡೆಯನ್ನು ಮನೆಯಲ್ಲೇ ಮರೆತು ಬಂದಿದ್ದರು. ಒಣ ರಸ್ತೆಗೆ ಗೀರಿಲ್ಲದ ಸ್ಲಿಕ್ ಟೈರು, ಒದ್ದೆಯಾದರೆ ಗೀರಿರುವ ಇಂಟರ್‌ಮೀಡಿಯೇಟ್ ಎಂದು ಪಾಠವೂ ಆಯಿತು. ಅವರ ಕಾಲಲ್ಲಿದ್ದದ್ದು ಮಾತ್ರ ಅಟ್ಟೆ ಸವೆದು ನುಣ್ಣಗಾದ ಹಳೇ ಚಪ್ಪಲಿ.

ಕಣ್ಣೆದುರಿನ ಕಾರು ರೆಪ್ಪೆ ಬಡಿಯುವಷ್ಟರಲ್ಲಿ ಮಾಯ. ಹಾಗಾಗಿ ದುಡ್ಡು ಕೊಟ್ಟು ಬಂದ ಭಾವ ರೇಸು ನೋಡಿದ್ದು ಮೊಬೈಲಿನಲ್ಲಿ. ರೇಸು ಶುರುವಾಗುವ ಮೊದಲೇ, ಫಾರ್ಮೇಶನ್ ಲ್ಯಾಪಿನಲ್ಲೇ ಹೊಸ ಹುಡುಗ ಹಜಾರ್ ಜಾರಿ ಗೋಡೆಗೆ ಬಡಿದ. ಅಳುತ್ತಾ ನಡೆದು ಬಂದವನನ್ನು ಹ್ಯಾಮಿಲ್ಟನ್‌ನ ಅಪ್ಪ ತಬ್ಬಿಕೊಂಡರು. ಅಂದು ಭಾವ ಬಾಯಿ ಮುಚ್ಚಿದ್ದು ಆ ಒಂದು ನಿಮಿಷ ಮಾತ್ರ.

ನಡುವೆ ಮಳೆ ನಿಂತು ಕಾರುಗಳು ಸ್ಲಿಕ್‌ಗೆ ಬಂದಿದ್ದವು, 44ನೇ ಲ್ಯಾಪಿನಲ್ಲಿ ಮತ್ತೆ ಸುರಿಯಿತು. ಮೊದಲೆರಡು ಸ್ಥಾನದಲ್ಲಿದ್ದ ನಾರಿಸ್, ಪಿಯಾಸ್ಟ್ರಿ ಇಬ್ಬರೂ ಟ್ರ್ಯಾಕ್ ಬಿಟ್ಟು ಜಾರಿದರು. ನಾರಿಸ್ ಸಾವರಿಸಿಕೊಂಡು ಪಿಟ್‌ಗೆ ಬಂದು ಟೈರು ಬದಲಾಯಿಸಿದ. ಮೆಲ್ಬರ್ನ್‌ನದೇ ಹುಡುಗ ಪಿಯಾಸ್ಟ್ರಿ ಒದ್ದೆ ಹುಲ್ಲಿನಲ್ಲಿ ಸಿಕ್ಕಿಕೊಂಡ. ಫೆರಾರಿಯವರು ಸ್ಲಿಕ್‌ನಲ್ಲೇ ಉಳಿದರು, ಹ್ಯಾಮಿಲ್ಟನ್ ಮುಂದೆ ಬಂದ! “ಹೇಳಿದ್ದೆನಲ್ಲೋ!” ಎಂದು ಭಾವ ಎದ್ದು ಕುಣಿದರು. ಕುಣಿದ ಚಪ್ಪಲಿಯೂ ಸ್ಲಿಕ್ಕೇ. ಭಾವ, ಟೋಪಿ, ಪುಳಿಯೋಗರೆ ಮೂರೂ ದಿಬ್ಬದ ಬುಡದಲ್ಲಿ.

“ಚಪ್ಪಲಿ ಬದಲಾಯಿಸ್ರೀ ಅಂತ ನಾಲ್ಕು ಸಲ ಹೇಳ್ದೆ” ಎಂದಳು ಅಕ್ಕ, ಡಬ್ಬಿಯ ಮುಚ್ಚಳ ಹುಡುಕುತ್ತಾ.

“ಪಿಟ್‌ಗೆ ಬರೋದು ಒಂದು ಲ್ಯಾಪ್ ತಡ ಆಯ್ತು ಕಣೇ” ಎಂದರು ಭಾವ, ಸೊಂಟ ಹಿಡಿದುಕೊಂಡು. ಹ್ಯಾಮಿಲ್ಟನ್‌ನ ಕಥೆಯೂ ಅಷ್ಟೆ. ತಡವಾಗಿ ಟೈರು ಬದಲಿಸಿ 10ನೆಯವನಾಗಿ ಮುಗಿಸಿದ.

ಗೆದ್ದವನು ನಾರಿಸ್. ಸಂಜೆ ಸೊಂಟಕ್ಕೆ ಮುಲಾಮು ಹಚ್ಚಿಸಿಕೊಳ್ಳುತ್ತಾ ಭಾವ ಘೋಷಿಸಿದರು: “ಕಪ್ ನಾರಿಸ್‌ದೇ. ಅಗುಳು ಹಿಚುಕಿ ಆಯ್ತು.” ಏಪ್ರಿಲ್‌ನಲ್ಲಿ ಪಿಯಾಸ್ಟ್ರಿ ಮುನ್ನಡೆದಾಗ ಫೋನ್ ಬಂತು: “ಮಳೆಯಲ್ಲಿ ನೆನೆದ ಅಗುಳು ಲೆಕ್ಕಕ್ಕಿಲ್ಲ, ಪಿಯಾಸ್ಟ್ರಿ ಅಂತ ಬರ್ಕೋ.” ಅಕ್ಟೋಬರ್‌ನಲ್ಲಿ ವರ್ಸ್ಟಾಪನ್ ಬೆನ್ನಟ್ಟತೊಡಗಿದಾಗ ಇನ್ನೊಂದು ಫೋನ್, ಇನ್ನೊಂದು ಹೆಸರು.

ಡಿಸೆಂಬರ್‌ನಲ್ಲಿ ಅಬುಧಾಬಿಯ ಕೊನೆಯ ರೇಸು ಮುಗಿದು, ನಾರಿಸ್ ಎರಡೇ ಎರಡು ಅಂಕಗಳಿಂದ ಚಾಂಪಿಯನ್ ಆದ. ಮರುಗಳಿಗೆಯೇ ನನ್ನ ಫೋನ್ ರಿಂಗಾಯಿತು.

“ಆಲ್ಬರ್ಟ್ ಪಾರ್ಕಿನ ದಿನವೇ ಹೇಳಿದ್ದೆನೋ ಇಲ್ವೋ?”

ಹೇಳಿದ್ದರು, ಸುಳ್ಳಲ್ಲ. ನಾನು ಒಪ್ಪಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಅಕ್ಕನ ದನಿ ಕೇಳಿತು: “ಚಪ್ಪಲಿ ಇನ್ನೂ ಅದೇ ಇದೆ ಅಂತಾನೂ ಹೇಳ್ರೀ.”