ಲೇಪನಪ್ರಿಯ ಸಾಹೇಬರು

ಸರ್ಕಾರಿ ಕಚೇರಿಯಿಂದ ಸೂಪರಿಂಟೆಂಡೆಂಟರಾಗಿ ನಿವೃತ್ತರಾಗಿ, ಕೊಲ್ಲಿ ದೇಶದಲ್ಲಿ ದುಡಿಯುವ ಮಗನ ಹಣದಿಂದ ಮೇಲಂತಸ್ತು ಕಟ್ಟಿಸಿ, ಶೇಷಾಯುಷ್ಯವನ್ನು ಆ ಅಂತಸ್ತಿನ ದುರಸ್ತಿಗೆ ಮುಡಿಪಾಗಿಟ್ಟಿರುವ ಸಾಹೇಬರೊಬ್ಬರು ಮೈಸೂರಿನ ರಾಜೀವನಗರದ ಯಾವ ಅಡ್ಡರಸ್ತೆಗೆ ಹೋದರೂ ಸಿಕ್ಕಿಯೇ ಸಿಕ್ಕುವರು. ನಮ್ಮ ರಸ್ತೆಯವರನ್ನು ಕಂಡವರು ಉಳಿದವರನ್ನು ಹುಡುಕಿಕೊಂಡು ಹೋಗಬೇಕಾದುದಿಲ್ಲ.

ಹಿಂದಿನ ಕಾಲದ ಬಚ್ಚಲುಮನೆಯಲ್ಲಿ ಹಂಡೆಯಿತ್ತು, ಒಲೆಯಿತ್ತು, ಕಲ್ಲುಚಪ್ಪಡಿಯಿತ್ತು. ನೀರು ತನ್ನಿಚ್ಛೆಯಂತೆ ಹರಿದು ಹಿತ್ತಲಿನ ಬಾಳೆಯ ಬುಡವನ್ನು ಸೇರುತ್ತಿದ್ದಿತಾಗಿ ಅದಕ್ಕೆ ಸೋರಿಕೆಯೆಂಬ ಅಪವಾದವಿರಲಿಲ್ಲ. ರಜೆಗೆ ಬಂದ ಮಗನು ಗಾಜಿನ ಷವರ್ ಕೋಣೆಯೊಂದನ್ನು ನಿಲ್ಲಿಸಿ ಹೋದ ಮೇಲೆ, ಚೌಕಟ್ಟಿನ ಅಡಿಯಿಂದ ನುಸುಳಿದ ನೀರು ಕಾಲೊರಸುವ ಚಾಪೆಯನ್ನು ತೋಯಿಸಿ, ಕೆಳಗಿನ ಬಾಡಿಗೆಯವರ ಮನೆಯ ತಾರಸಿಯಲ್ಲಿ ಕಲೆಯಾಗಿ ಮೂಡಿತು. “ಬಕೆಟ್ಟಿದೆ, ಚೊಂಬಿದೆ, ಮೈ ತೊಳೆಯೋಕೆ ಇನ್ನೇನ್ರೀ ಬೇಕು?” ಎಂದು ಬೇಗಂ ಅವರು ಕೇಳಿದ ಪ್ರಶ್ನೆಗೆ ಇಂದಿನವರೆಗೂ ಉತ್ತರ ದೊರೆತಿಲ್ಲ.

ಸಾಹೇಬರದು ಕಚೇರಿಯಲ್ಲಿ ಅಭ್ಯಾಸವಾದ ಸಿದ್ಧಾಂತ: ಕಡತದಲ್ಲಿನ ಹಳೆಯ ಟಿಪ್ಪಣಿಯನ್ನು ತೆಗೆಯಲಾಗದು, ಅದರ ಮೇಲೆ ಇನ್ನೊಂದನ್ನು ಅಂಟಿಸಬಹುದು. ಅಂತೆಯೇ ಮೊದಲು ಬಿಳಿ ಸಿಮೆಂಟು, ಅದರ ಮೇಲೆ ಎಂ-ಸೀಲು, ಅದರ ಮೇಲೆ ಸಂತೆಪೇಟೆಯಿಂದ ತಂದ ಸಿಲಿಕೋನು. ಈ ಜಾತಿಯ ಸಂಯುಕ್ತಗಳಿಗೆ ಸಿಲಿಕೋನೆಂಬ ಹೆಸರನ್ನು ಬಳಕೆಗೆ ತಂದ ನಾಟಿಂಗ್‌ಹ್ಯಾಮಿನ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಕಿಪ್ಪಿಂಗನು, ತನ್ನ ಗಾಜಿನ ಪಾತ್ರೆಗಳಲ್ಲಿ ಉಳಿಯುತ್ತಿದ್ದ ಈ ಅಂಟಿನಿಂದ ಹೇಳಿಕೊಳ್ಳುವಂಥ ಪ್ರಯೋಜನವಾದೀತೆಂದು 1937ರಲ್ಲಿಯೂ ನಂಬಿರಲಿಲ್ಲ. ಪಾಪ, ಆತನಿಗೆ ನಮ್ಮ ಸಾಹೇಬರ ಪರಿಚಯವಿರಲಿಲ್ಲ.

ಸಾಹೇಬರು ಸಿಲಿಕೋನಿನ ಟ್ಯೂಬನ್ನು ತೂರಿಸಿದ ಗನ್ನನ್ನು ಹಿಡಿಯುವ ಭಂಗಿಯೇ ದರ್ಶನೀಯ. ಲುಂಗಿಯನ್ನು ಮೇಲೆತ್ತಿ ಕಟ್ಟಿ, ಮೂತಿಯನ್ನು ಓರೆಯಾಗಿ ಕತ್ತರಿಸಿ, ಕನ್ನಡಕವನ್ನು ಹಣೆಗೇರಿಸಿ, ಉಸಿರು ಬಿಗಿಹಿಡಿದು ಕುದುರೆಯನ್ನು ಒತ್ತಿದರೆ, ಮೊದಲು ಏನೂ ಬಾರದು, ಆಮೇಲೆ ಬೇಡವೆಂದರೂ ನಿಲ್ಲದು. ಸಾಬೂನುನೀರಿನಲ್ಲಿ ಅದ್ದಿದ ಹೆಬ್ಬೆರಳಿನಿಂದ ಅದನ್ನು ನೇವರಿಸುತ್ತಿರಲು ವಿನೆಗರಿನ ಘಾಟು ಮಹಡಿಯನ್ನೆಲ್ಲ ವ್ಯಾಪಿಸಿ, ಉಪ್ಪಿನಕಾಯಿಯ ಭರಣಿ ಒಡೆಯಿತೇನೋ ಎಂದು ಬೇಗಂ ಅವರು ಅಡುಗೆಮನೆಗೆ ಧಾವಿಸುವರು. ಇಷ್ಟಾದ ಮೇಲೆ ಸಾಹೇಬರು ಅಸರ್ ನಮಾಜಿಗೆ ಹೋಗಿ ಬಂದು, ಬೆರಳಿನಿಂದ ಮುಟ್ಟಿ, “ಒಣಗಿದೆ” ಎಂದು ತೀರ್ಪಿತ್ತು ಷವರನ್ನು ತಿರುಗಿಸುವರು. ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುವ ಈ ಪದಾರ್ಥದ ಮೇಲ್ಮೈ ಅಲ್ಪಕಾಲದಲ್ಲಿಯೇ ಕೆನೆಗಟ್ಟುವುದಾದರೂ, ಒಳಗಿನದು ಬಲಿಯಲು ಒಂದು ದಿನವಾದರೂ ಬೇಕೆಂಬುದನ್ನು ಟ್ಯೂಬಿನ ಮೇಲೆ ಅಚ್ಚುಹಾಕಿರುತ್ತಾರೆ. ಆದರೆ ಆಯುಷ್ಯವೆಲ್ಲ ಅನ್ಯರ ಅರ್ಜಿಗಳನ್ನು ಓದಿದವರಿಗೆ ಇನ್ನೂ ಓದಬೇಕೆಂದರೆ ಹೇಗೆ?

ಕಡೆಗೆ ಬಂದ ಮೇಸ್ತ್ರಿ ಗಾಜಿನ ಅಂಚನ್ನು ಉಗುರಿನಿಂದ ಎಳೆದನು. ಪದರಕ್ಕೆ ಪದರವೇ ಹಾವಿನ ಪೊರೆಯಂತೆ ಸುಲಿದು ಬಂದಿತು. “ಸಾರ್, ಹಳೇದನ್ನ ಪೂರ್ತಿ ಕೀಳ್ದೆ ಹೊಸದು ಹಿಡಿಯಲ್ಲ” ಎಂದು ಹೇಳಿ, ಬ್ಲೇಡಿನಿಂದ ಕೆರೆದು, ಸ್ಪಿರಿಟಿನಿಂದ ಒರಸಿ, ಇಬ್ಬದಿಗೂ ಟೇಪು ಅಂಟಿಸಿ ಹೊರಬದಿಗೆ ಮಾತ್ರ ಒಂದು ತೆಳುಗೆರೆಯನ್ನೆಳೆದನು. ಒಳಬದಿಗೂ ಬಳಿಯೆಂದು ಸಾಹೇಬರು ಆಜ್ಞಾಪಿಸಿದಾಗ, ಚೌಕಟ್ಟಿಗೆ ಹೊಕ್ಕ ನೀರು ಮರಳಿ ಒಳಗೇ ಇಳಿಯಲು ದಾರಿ ಬೇಕಲ್ಲವೇ ಎಂದು ಕೇಳಿದನು. ಕಟ್ಟಿಹಾಕುವುದಕ್ಕಿಂತ ಬಿಟ್ಟುಕೊಡುವುದರಲ್ಲಿ ಜಾಣ್ಮೆಯಿರುವ ಈ ವಿದ್ಯೆ ಸಾಹೇಬರಿಗೆ ರುಚಿಸಲಿಲ್ಲ.

ಸೋರಿಕೆ ನಿಂತಿದೆ. ಮೇಸ್ತ್ರಿ ಬಿಟ್ಟುಹೋದ ಟ್ಯೂಬಿನಲ್ಲಿ ಅರ್ಧದಷ್ಟು ಉಳಿದಿದ್ದು, ಒಣಗದಿರಲೆಂದು ಸಾಹೇಬರು ಅದರ ಮೂತಿಗೆ ಮೊಳೆಯೊಂದನ್ನು ಸಿಕ್ಕಿಸಿ ಇಟ್ಟಿರುವರು. ಆದುದರಿಂದ ನೆರೆಹೊರೆಯವರಲ್ಲಿ ನನ್ನ ವಿನಂತಿ: ನಿಮ್ಮ ಮನೆಯಲ್ಲಿ ಯಾವುದಾದರೂ ನಲ್ಲಿ ತೊಟ್ಟಿಕ್ಕುತ್ತಿದ್ದರೆ, ದಯಮಾಡಿ ಗಟ್ಟಿಯಾಗಿ ಹೇಳಬೇಡಿ.